ಆನ್ ಆಗದ ಟಿವಿ: ದೋಷ ಪತ್ತೆಹಚ್ಚಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಟಿವಿ ಆನ್ ಆಗುತ್ತಿಲ್ಲ ಎಂದು ದೂರುವವರೆಲ್ಲರ ದೋಷವೂ ಒಂದೇ ಆಗಿರುವುದಿಲ್ಲ. ಒಬ್ಬರ ಸೆಟ್‌ನಲ್ಲಿ ಕೆಂಪು ದೀಪವೇ ಇಲ್ಲ. ಇನ್ನೊಬ್ಬರದರಲ್ಲಿ ದೀಪ ಉರಿಯುತ್ತಿದೆ, ಆದರೆ ಎಷ್ಟು ಬಾರಿ ಗುಂಡಿ ಒತ್ತಿದರೂ ಸೆಟ್ ಏಳುವುದಿಲ್ಲ. ಮತ್ತೊಬ್ಬರದು ಒಂದೆರಡು ಸೆಕೆಂಡು ಬೆಳಗಿ ತಾನಾಗಿಯೇ ಆರಿಹೋಗುತ್ತದೆ. ಮಗದೊಬ್ಬರದರಲ್ಲಿ ಧ್ವನಿ ಬರುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಈ ನಾಲ್ಕಕ್ಕೂ ಕಾರಣ ಬೇರೆ, ಕೈ ಹಾಕಬೇಕಾದ ಬೋರ್ಡ್ ಬೇರೆ. ಇದನ್ನು ಗಮನಿಸದೆ ಮೊದಲು ವಿದ್ಯುತ್ತು ಒದಗಿಸುವ ಪವರ್ ಬೋರ್ಡ್ ಬದಲಿಸಿ, ಅದರಿಂದ ಆಗದಿದ್ದರೆ ಸೆಟ್ಟನ್ನು ನಿಯಂತ್ರಿಸುವ ಮೇನ್ ಬೋರ್ಡ್ ಬದಲಿಸಿ, ಕೊನೆಗೆ ದೋಷ ಪರದೆಯನ್ನು ಹಿಂದಿನಿಂದ ಬೆಳಗಿಸುವ ಬ್ಯಾಕ್‌ಲೈಟ್‌ನಲ್ಲಿತ್ತೆಂದು ತಿಳಿಯುವುದು ದುರಸ್ತಿಯಲ್ಲಿ ಹಣ ವ್ಯರ್ಥವಾಗುವ ಅತಿ ಸಾಮಾನ್ಯ ದಾರಿ.

ಆದ್ದರಿಂದ ಇಲ್ಲಿ ಅನುಸರಿಸುವ ಕ್ರಮ ಒಂದೇ: ಗೋಡೆಯ ಸಾಕೆಟ್‌ನಿಂದ ಹೊರಟ ವಿದ್ಯುತ್ತು ಟಿವಿಯೊಳಗೆ ಎಲ್ಲಿಯವರೆಗೆ ತಲುಪಿದೆ, ಎಲ್ಲಿ ನಿಂತಿದೆ ಎಂಬುದನ್ನು ಅಳೆದು ತಿಳಿಯುವುದು, ತಿಳಿಯುವವರೆಗೆ ಯಾವ ಬಿಡಿಭಾಗವನ್ನೂ ಬದಲಿಸದಿರುವುದು. ವಿವರಗಳು ಮುಖ್ಯವಾಗಿ ಎಲ್‌ಇಡಿ ಬ್ಯಾಕ್‌ಲೈಟ್ ಇರುವ ಎಲ್‌ಸಿಡಿ ಟಿವಿಗಳಿಗೆ ಅನ್ವಯಿಸುತ್ತವೆ. ಒಎಲ್‌ಇಡಿ ಸೆಟ್‌ಗಳಲ್ಲಿ ಬ್ಯಾಕ್‌ಲೈಟ್ ಇರುವುದಿಲ್ಲವಾದರೂ ಪವರ್ ಬೋರ್ಡ್ ಮತ್ತು ಮೇನ್ ಬೋರ್ಡ್‌ಗಳ ಪರೀಕ್ಷೆ ಬಹುಮಟ್ಟಿಗೆ ಇದೇ ರೀತಿಯದು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯನ್ನು ಮಾತ್ರ ಅನುಭವವಿಲ್ಲದವರು ತೆರೆಯಲೇಬಾರದು. ಬಣ್ಣದ ಟ್ಯೂಬಿನ ಆನೋಡ್‌ನಲ್ಲಿ 20,000 ವೋಲ್ಟ್‌ಗೂ ಮೀರಿದ ವಿದ್ಯುತ್ತು ಇರುತ್ತದೆ, ಮತ್ತು ಪ್ಲಗ್ ತೆಗೆದ ಮೇಲೂ ಅದು ಟ್ಯೂಬಿನಲ್ಲಿ ಉಳಿದುಕೊಳ್ಳಬಲ್ಲದು.

ತಿರುಪು ಬಿಚ್ಚುವ ಮೊದಲು

ಸಾಕೆಟ್‌ನಲ್ಲಿ ವಿದ್ಯುತ್ತು ಇದೆಯೇ ಎಂಬುದನ್ನು ಅದೇ ಸಾಕೆಟ್‌ಗೆ ಬೇರೊಂದು ಉಪಕರಣ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್, ಸರ್ಜ್ ಪ್ರೊಟೆಕ್ಟರ್, ಸ್ಟೆಬಿಲೈಸರ್, ಟೈಮರ್ ಇತ್ಯಾದಿ ಏನೇ ನಡುವೆ ಇದ್ದರೂ ಅವೆಲ್ಲವನ್ನೂ ಬಿಟ್ಟು ಟಿವಿಯನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಜೋಡಿಸಿ. ಅನೇಕ ಟಿವಿಗಳಲ್ಲಿ ಪವರ್ ಕಾರ್ಡ್ ಹಿಂಬದಿಯಿಂದ ಕಳಚಿಕೊಳ್ಳುವಂಥದ್ದು. ಗೋಡೆಗೆ ತೂಗುಹಾಕಿದ ಸೆಟ್‌ನಲ್ಲಿ ಅದು ನಿಧಾನವಾಗಿ ಸಡಿಲಗೊಂಡು, ಹೊರಗಿನಿಂದ ನೋಡಿದರೆ ಜೋಡಿಸಿದಂತೆಯೇ ಕಾಣುತ್ತಿರುತ್ತದೆ. ಪೂರ್ತಿ ಹೊರತೆಗೆದು ಮತ್ತೆ ಬಿಗಿಯಾಗಿ ಒತ್ತಬೇಕು. ಕೆಲವು ಮಾದರಿಗಳಲ್ಲಿ ಹಿಂಬದಿಯಲ್ಲೋ ಕೆಳಅಂಚಿನಲ್ಲೋ ಪ್ರತ್ಯೇಕ ಮುಖ್ಯ ಸ್ವಿಚ್ ಇರುತ್ತದೆ. ಶುಚಿಗೊಳಿಸುವಾಗ ಯಾರಾದರೂ ಅದನ್ನು ಆರಿಸಿದ್ದರೆ ಟಿವಿ ಸಂಪೂರ್ಣ ಸತ್ತಂತೆ ಕಾಣುತ್ತದೆ.

ಅನಂತರ ರಿಮೋಟ್. ಸೆಟ್‌ನ ಮೇಲಿರುವ ಗುಂಡಿಯಿಂದ ಟಿವಿ ಆನ್ ಆಗಿ ರಿಮೋಟ್‌ನಿಂದ ಆಗದಿದ್ದರೆ ದೋಷ ಟಿವಿಯ ವಿದ್ಯುತ್ ಭಾಗದಲ್ಲಿಲ್ಲ. ಇನ್‌ಫ್ರಾರೆಡ್ ರಿಮೋಟ್ ಆಗಿದ್ದರೆ ಅದರ ಮುಂತುದಿಯನ್ನು ಫೋನ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಬೆಳಕು ಕ್ಯಾಮೆರಾದಲ್ಲಿ ನೇರಳೆ ಅಥವಾ ಬಿಳಿ ಮಿಣುಕಾಗಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ, ಏಕೆಂದರೆ ಕೆಲವು ಕ್ಯಾಮೆರಾಗಳು ಆ ಬೆಳಕನ್ನು ಸೋಸಿಬಿಡುತ್ತವೆ. ಬ್ಲೂಟೂತ್ ಆಧಾರಿತ ರಿಮೋಟ್‌ಗಳಿಗೆ ಈ ಪರೀಕ್ಷೆ ಸದಾ ಅನ್ವಯಿಸದು. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು: ಸೆಟ್‌ನ ಮೇಲಿನ ಗುಂಡಿಯೇ ಒಳಕ್ಕೆ ಸಿಕ್ಕಿಕೊಂಡು ನಿರಂತರ ಒತ್ತಿದಂತಿದ್ದರೆ ಟಿವಿ ಆನ್ ಆಗದಿರಬಹುದು ಅಥವಾ ಆನ್ ಆದ ಕೂಡಲೇ ಆರಬಹುದು.

ಮೂರನೆಯದಾಗಿ, ಪವರ್ ಕಾರ್ಡ್ ಒಂದನ್ನು ಬಿಟ್ಟು ಎಚ್‌ಡಿಎಂಐ, ಯುಎಸ್‌ಬಿ, ಆಂಟೆನಾ, ನೆಟ್‌ವರ್ಕ್ ಕೇಬಲ್ ಎಲ್ಲವನ್ನೂ ತೆಗೆಯಿರಿ. ಕೆಟ್ಟುಹೋದ ಯುಎಸ್‌ಬಿ ಡಿಸ್ಕ್ ಅಥವಾ ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆದ ಎಚ್‌ಡಿಎಂಐ ಕೇಬಲ್ ಮೇನ್ ಬೋರ್ಡ್‌ನ 5 ವೋಲ್ಟ್ ಸಾಲಿನ ವೋಲ್ಟೇಜನ್ನು ಕೆಳಕ್ಕೆ ಎಳೆದು ಇಡೀ ಸೆಟ್ಟನ್ನು ನಿಲ್ಲಿಸಬಲ್ಲದು. ಟಿವಿ ತಾನಾಗಿ ಆರುತ್ತಿದೆ ಎನ್ನುವವರು ಸ್ಲೀಪ್ ಟೈಮರ್, ವಿದ್ಯುತ್ ಉಳಿತಾಯದ ಆಯ್ಕೆ ಮತ್ತು ಎಚ್‌ಡಿಎಂಐ ಮೂಲಕ ಇತರ ಉಪಕರಣಗಳಿಂದ ಬರುವ ನಿಯಂತ್ರಣವನ್ನೂ ಅನುಮಾನಿಸಬೇಕು.

ಕೊನೆಯದಾಗಿ ಪವರ್ ರಿಸೆಟ್. ಪ್ಲಗ್ ತೆಗೆದು, ಸೆಟ್‌ನ ಮೇಲಿರುವ ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿಯಿರಿ. ಐದರಿಂದ ಹತ್ತು ನಿಮಿಷ ಹಾಗೆಯೇ ಬಿಟ್ಟು ಮತ್ತೆ ಪ್ಲಗ್ ಹಾಕಿ, ಗುಂಡಿಯಿಂದಲೇ ಆನ್ ಮಾಡಿ. ಇಂದಿನ ಟಿವಿ ಎಂದರೆ ಪರದೆ ಅಂಟಿಸಿದ ಕಂಪ್ಯೂಟರ್. ಸ್ಟ್ಯಾಂಡ್‌ಬೈಯಲ್ಲಿ, ಅಂದರೆ ಆರಿದಂತೆ ಕಂಡರೂ ಆಜ್ಞೆಗೆ ಕಾಯುತ್ತಿರುವಾಗ, ಅದರ ಪ್ರೊಸೆಸರ್ ತಪ್ಪು ಸ್ಥಿತಿಯಲ್ಲಿ ಸಿಲುಕಿದ್ದರೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ಎಂಬ ಭಾಗಗಳಲ್ಲಿ ಉಳಿದದ್ದು ಪೂರ್ತಿ ಖಾಲಿಯಾಗುವವರೆಗೆ ಅದು ಹೊರಬರುವುದಿಲ್ಲ. ಎರಡು ಸೆಕೆಂಡು ಪ್ಲಗ್ ಕಿತ್ತು ಮತ್ತೆ ಹಾಕಿದರೆ ಈ ಕೆಲಸ ಆಗದಿರುವುದು ಇದೇ ಕಾರಣಕ್ಕೆ.

ಇಷ್ಟಾದರೂ ಟಿವಿ ಏಳದಿದ್ದಾಗ, ವಾರಂಟಿ ಅವಧಿ ಉಳಿದಿದೆಯೇ ಎಂದು ನೋಡಿಕೊಳ್ಳಿ. ಉಳಿದಿದ್ದರೆ ಮುಂದಿನ ಭಾಗ ನಿಮಗಲ್ಲ. ಹಿಂಬದಿ ಕವಚ ತೆರೆದರೆ ಆ ಹಕ್ಕು ಕೈತಪ್ಪಬಹುದು.

ದೀಪ, ಸದ್ದು, ಬೆಳಕು: ಲಕ್ಷಣಗಳಿಂದ ಜಾಗ ಗುರುತಿಸುವುದು

ಪರೀಕ್ಷೆಯ ಅರ್ಧ ಭಾಗ ಕವಚ ತೆರೆಯುವ ಮೊದಲೇ ಮುಗಿಯುತ್ತದೆ. ಕತ್ತಲೆ ಮಾಡಿದ ಕೋಣೆಯಲ್ಲಿ, ಯಾವ ಸದ್ದೂ ಇಲ್ಲದಿರುವಾಗ ಪ್ಲಗ್ ಹಾಕಿ, ಗುಂಡಿ ಒತ್ತಿ, ಏನೇನಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಸ್ಟ್ಯಾಂಡ್‌ಬೈ ದೀಪ ಬೆಳಗಲೇ ಇಲ್ಲವೆಂದರೆ ಪವರ್ ಬೋರ್ಡ್‌ಗೆ ವಿದ್ಯುತ್ತು ತಲುಪಿಲ್ಲ, ಇಲ್ಲವೇ ಆ ಬೋರ್ಡ್ ಸ್ಟ್ಯಾಂಡ್‌ಬೈ ವೋಲ್ಟೇಜನ್ನು ತಯಾರಿಸುತ್ತಿಲ್ಲ. ಕೆಲವು ತಯಾರಕರು ಸ್ಟ್ಯಾಂಡ್‌ಬೈಯಲ್ಲಿ ದೀಪ ಆರಿರುವಂತೆಯೇ ಸೆಟ್ಟನ್ನು ರೂಪಿಸಿರುತ್ತಾರೆ ಎಂಬುದು ನೆನಪಿರಲಿ.

ದೀಪ ಸ್ಥಿರವಾಗಿ ಉರಿಯುತ್ತಿದ್ದು ಗುಂಡಿ ಒತ್ತಿದಾಗ ಬದಲಾಗದಿದ್ದರೆ, ಸ್ಟ್ಯಾಂಡ್‌ಬೈ ವಿದ್ಯುತ್ತು ಇದೆ, ಆದರೆ ಮೇನ್ ಬೋರ್ಡ್ ಆಜ್ಞೆಯನ್ನು ಸ್ವೀಕರಿಸುತ್ತಿಲ್ಲ. ಗುಂಡಿ ಒತ್ತಿದಾಗ ದೀಪದ ಬಣ್ಣ ಬದಲಾಗಿ ಅಥವಾ ದೀಪ ಆರಿ, ಕೆಲ ಸೆಕೆಂಡಿನಲ್ಲಿ ಮೊದಲಿನ ಸ್ಥಿತಿಗೆ ಮರಳಿದರೆ, ಸೆಟ್ ಏಳಲು ಯತ್ನಿಸಿ ರಕ್ಷಣಾ ವ್ಯವಸ್ಥೆಯ ಕಾರಣ ಹಿಂದೆ ಸರಿಯುತ್ತಿದೆ. ದೀಪವು ಎಣಿಸಬಹುದಾದ ಗುಂಪುಗಳಲ್ಲಿ ಮಿನುಗುತ್ತಿದ್ದರೆ ಅದು ದೋಷ ಸಂಕೇತ. ಎಷ್ಟು ಮಿನುಗು, ನಡುವೆ ಎಷ್ಟು ವಿರಾಮ ಎಂಬುದನ್ನು ಎಣಿಸಿ, ನಿಮ್ಮ ಮಾದರಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಹೋಲಿಸಿ. ಒಂದು ಕಂಪನಿಯ ಸಂಕೇತ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದೇ ಕಂಪನಿಯ ಬೇರೆ ಬೇರೆ ವರ್ಷಗಳ ಮಾದರಿಗಳಲ್ಲೂ ಅರ್ಥ ಬದಲಾಗಿರುತ್ತದೆ.

ಧ್ವನಿ ಇದ್ದು ಪರದೆ ಕಪ್ಪಾಗಿದ್ದರೆ ಟಾರ್ಚ್ ಪರೀಕ್ಷೆ ಮಾಡಿ. ಕತ್ತಲಲ್ಲಿ ಪ್ರಖರವಾದ ಟಾರ್ಚನ್ನು ಪರದೆಗೆ ಹತ್ತಿರವಾಗಿ ಓರೆಯಾಗಿ ಹಿಡಿದು ಮೆನು ತೆರೆಯಿರಿ. ಮಸುಕಾದ ಅಕ್ಷರಗಳೋ ಚಿತ್ರವೋ ಕಂಡರೆ ಟಿವಿ ಆನ್ ಆಗಿಯೇ ಇದೆ, ಬೆಳಗಬೇಕಾದ ಬ್ಯಾಕ್‌ಲೈಟ್ ಮಾತ್ರ ಬೆಳಗುತ್ತಿಲ್ಲ. ಆನ್ ಆಗುವುದಿಲ್ಲವೆಂದು ದುರಸ್ತಿಗೆ ಬರುವ ಎಲ್‌ಇಡಿ ಟಿವಿಗಳಲ್ಲಿ ಇಂಥವು ಕಡಿಮೆಯೇನಲ್ಲ. ಪವರ್ ಬೋರ್ಡ್ ತರಿಸುವ ಮೊದಲು ಈ ಒಂದು ನಿಮಿಷದ ಪರೀಕ್ಷೆಯನ್ನು ಮಾಡದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಒಳಗೆ ಕೈ ಹಾಕುವ ಮುನ್ನ ಸುರಕ್ಷತೆ

ಪವರ್ ಬೋರ್ಡ್‌ನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ, ಸಾಮಾನ್ಯವಾಗಿ 450 ವೋಲ್ಟ್ ಎಂದು ಮುದ್ರಿತವಾಗಿರುವ ಮುಖ್ಯ ಕೆಪಾಸಿಟರ್ ಜೀವಕ್ಕೆ ಅಪಾಯ ತರಬಲ್ಲದು. 230 ವೋಲ್ಟ್ ಪೂರೈಕೆಯಲ್ಲಿ ಅದರ ಮೇಲೆ ಸುಮಾರು 325 ವೋಲ್ಟ್, 120 ವೋಲ್ಟ್ ಪೂರೈಕೆಯಲ್ಲಿ ಸುಮಾರು 170 ವೋಲ್ಟ್ ನೇರ ವಿದ್ಯುತ್ತು ನಿಂತಿರುತ್ತದೆ. ಪವರ್ ಫ್ಯಾಕ್ಟರ್ ತಿದ್ದುವ (ಸಾಕೆಟ್‌ನಿಂದ ವಿದ್ಯುತ್ತನ್ನು ಒಂದೇ ಸಮನೆ ಸೆಳೆಯುವಂತೆ ಮಾಡುವ) ಸರ್ಕ್ಯೂಟ್ ಕೆಲಸ ಮಾಡುತ್ತಿರುವಾಗ ಇದು 380ರಿಂದ 400 ವೋಲ್ಟ್‌ಗೆ ಏರುತ್ತದೆ. ಚೆನ್ನಾಗಿರುವ ಸೆಟ್‌ನಲ್ಲಿ ಪ್ಲಗ್ ತೆಗೆದ ಮೇಲೆ ಈ ವಿದ್ಯುತ್ತು ನಿಧಾನವಾಗಿ ಇಳಿಯುತ್ತದೆ. ಕೆಟ್ಟ ಸೆಟ್‌ನಲ್ಲಿ ಅದನ್ನು ಬಳಸುವ ಭಾಗವೇ ಸತ್ತಿರುವುದರಿಂದ ಬಹಳ ಹೊತ್ತು ಉಳಿಯಬಹುದು. ಅಂದರೆ ಏನೂ ಬೆಳಗದ ಸೆಟ್ಟೇ ಹೆಚ್ಚು ಅಪಾಯಕಾರಿ.

ಹೀಗಾಗಿ ಪ್ಲಗ್ ತೆಗೆದು ಕೆಲ ನಿಮಿಷ ಕಾದು, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನ ದೊಡ್ಡ ಶ್ರೇಣಿಗೆ ಇಟ್ಟು ಆ ಕೆಪಾಸಿಟರ್‌ನ ಎರಡು ಕಾಲುಗಳ ನಡುವೆ ಅಳೆಯಿರಿ. 10 ವೋಲ್ಟ್‌ಗಿಂತ ಹೆಚ್ಚಿದ್ದರೆ, ಕಾಲುಗಳಿಗೆ ಸರಿಯಾಗಿ ನಿರೋಧಕ ಹೊದಿಕೆ ಹಾಕಿದ 2.2 ಕಿಲೋಓಮ್, 10 ವಾಟ್‌ನ ರೆಸಿಸ್ಟರನ್ನು ಕೆಪಾಸಿಟರ್‌ನ ಕಾಲುಗಳ ನಡುವೆ ಕೆಲ ಸೆಕೆಂಡು ಹಿಡಿದು, ಮತ್ತೆ ಅಳೆದು ಖಚಿತಪಡಿಸಿಕೊಳ್ಳಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಕೆಟ್ಟದ್ದು: ಕಿಡಿ ಹಾರುತ್ತದೆ, ಬೋರ್ಡ್‌ನ ತಾಮ್ರದ ಹಾದಿ ಸುಡುತ್ತದೆ, ಕಣ್ಣಿಗೂ ಅಪಾಯ.

ವಿದ್ಯುತ್ತು ಇರುವಾಗ ಅಳೆಯಬೇಕಾದ ಹಂತಗಳು ಮುಂದೆ ಬರುತ್ತವೆ. ಅಂಥ ಅಳತೆಯ ಅಭ್ಯಾಸವಿಲ್ಲದವರು ವಿದ್ಯುತ್ತಿಲ್ಲದೆ ಮಾಡುವ ಪರೀಕ್ಷೆಗಳಿಗೆ ಮಾತ್ರ ಸೀಮಿತವಾಗಿ, ಉಳಿದದ್ದನ್ನು ತಿಳಿದವರಿಗೆ ಬಿಡುವುದು ಒಳ್ಳೆಯದು. ಅಳೆಯುವವರು 600 ವೋಲ್ಟ್‌ಗೆ ಯೋಗ್ಯವಾದ ಮೀಟರ್ ಮತ್ತು ತಂತಿಗಳನ್ನು ಬಳಸಬೇಕು. ಒಂದು ಕೈ ಬೋರ್ಡ್‌ನಿಂದ ದೂರವಿರಬೇಕು, ಕಪ್ಪು ತಂತಿಯನ್ನು ವಿದ್ಯುತ್ತಿಲ್ಲದಾಗಲೇ ಕ್ಲಿಪ್‌ನಿಂದ ಸಿಕ್ಕಿಸಿಟ್ಟಿರಬೇಕು. ಉಂಗುರ, ಕಡಗ ತೆಗೆದಿಡಬೇಕು. ಕೋಣೆಯಲ್ಲಿ ಇನ್ನೊಬ್ಬರು ಇರಬೇಕು.

ಕವಚ ತೆರೆದು ಬೋರ್ಡ್‌ಗಳನ್ನು ಗುರುತಿಸುವುದು

ಪರದೆಗಿಂತ ದೊಡ್ಡದಾದ ಸಮತಟ್ಟು ಮೇಜಿನ ಮೇಲೆ ಮೃದುವಾದ ಕಂಬಳಿ ಹಾಸಿ ಟಿವಿಯನ್ನು ಪರದೆ ಕೆಳಮುಖವಾಗಿ ಮಲಗಿಸಿ. ದೊಡ್ಡ ಸೆಟ್ಟನ್ನು ಇಬ್ಬರು ಹಿಡಿಯಲೇಬೇಕು, ಮತ್ತು ಹಿಡಿಯುವಾಗ ಬೆರಳು ಪರದೆಯ ಗಾಜಿನ ಮೇಲೆ ಒತ್ತದೆ ಅಂಚಿನ ಚೌಕಟ್ಟಿನ ಮೇಲಿರಬೇಕು. ತಿರುಪುಗಳ ಉದ್ದ ಒಂದೇ ಆಗಿರುವುದಿಲ್ಲ. ಯಾವ ರಂಧ್ರದ್ದು ಯಾವುದು ಎಂದು ಗುರುತು ಮಾಡಿಡಿ, ಏಕೆಂದರೆ ಉದ್ದನೆಯ ತಿರುಪು ತಪ್ಪು ಜಾಗಕ್ಕೆ ಹೋದರೆ ಪ್ಯಾನಲನ್ನೇ ಚುಚ್ಚಬಹುದು. ತಿರುಪೆಲ್ಲ ತೆಗೆದರೂ ಕವಚ ಬರದಿದ್ದರೆ ಬಲ ಹಾಕಬೇಡಿ. ಸ್ಟ್ಯಾಂಡಿನ ಕೆಳಗೆ, ಸಾಕೆಟ್‌ಗಳ ಪಕ್ಕದಲ್ಲಿ ಅಥವಾ ಲೇಬಲ್‌ನ ಅಡಿಯಲ್ಲಿ ಒಂದು ತಿರುಪು ಉಳಿದಿರುತ್ತದೆ. ಯಾವ ಕನೆಕ್ಟರನ್ನು ಮುಟ್ಟುವ ಮೊದಲೂ ಒಳಭಾಗದ ಸ್ಪಷ್ಟ ಫೋಟೋ ತೆಗೆದುಕೊಳ್ಳಿ.

ಪವರ್ ಕಾರ್ಡ್ ಬಂದು ಸೇರುವುದು ಪವರ್ ಬೋರ್ಡ್. ಅದರಲ್ಲಿ ದೊಡ್ಡ ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್‌ಗಳು, ಶಾಖ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುತ್ತವೆ. ಎಚ್‌ಡಿಎಂಐ, ಯುಎಸ್‌ಬಿ ಇರುವುದು ಮೇನ್ ಬೋರ್ಡ್. ಪರದೆಯ ಅಂಚಿಗೆ ಚಪ್ಪಟೆ ಪಟ್ಟಿಗಳ ಮೂಲಕ ಸೇರಿ ಚಿತ್ರದ ಸಂಕೇತಗಳನ್ನು ಕಳುಹಿಸುವ ಚಿಕ್ಕ ಬೋರ್ಡ್ ಟಿ-ಕಾನ್. ಬ್ಯಾಕ್‌ಲೈಟ್ ಡ್ರೈವರ್ ಕೆಲವು ಸೆಟ್‌ಗಳಲ್ಲಿ ಪ್ರತ್ಯೇಕ, ಹಲವು ಸೆಟ್‌ಗಳಲ್ಲಿ ಪವರ್ ಬೋರ್ಡ್‌ನ ಭಾಗ. ಚಿಕ್ಕ ಟಿವಿಗಳಲ್ಲಿ ಇವೆಲ್ಲವೂ ಒಂದೇ ಬೋರ್ಡ್‌ನಲ್ಲಿ ಸೇರಿರಬಹುದು. ಇನ್ನು ಕೆಲವಕ್ಕೆ ಹೊರಗೆ ಅಡಾಪ್ಟರ್ ಇರುತ್ತದೆ. ಅಡಾಪ್ಟರ್ ಇರುವ ಟಿವಿಯಾದರೆ ಮೊದಲು ಅದರ ಪಿನ್‌ನಲ್ಲಿ ಲೇಬಲ್ ಮೇಲೆ ಬರೆದಷ್ಟು ವೋಲ್ಟ್ ಬರುತ್ತಿದೆಯೇ ನೋಡಿ. ಅಡಾಪ್ಟರ್ ಕೆಟ್ಟದ್ದಾದರೆ ಕೆಲಸ ಅಲ್ಲಿಗೆ ಮುಗಿಯಿತು.

ಪವರ್ ಬೋರ್ಡ್‌ನಲ್ಲಿ ಒಂದು ಗಡಿ ಇದೆ. ಹಲವು ಬೋರ್ಡ್‌ಗಳಲ್ಲಿ ದಪ್ಪ ಬಿಳಿ ಗೆರೆಯಿಂದ ಅದನ್ನು ಗುರುತಿಸಿರುತ್ತಾರೆ. ಒಂದು ಕಡೆ ನೇರವಾಗಿ ಮೇನ್ಸ್‌ಗೆ, ಅಂದರೆ ಗೋಡೆಯ ವಿದ್ಯುತ್ತಿಗೆ, ಸೇರಿದ ಭಾಗ, ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರ್ ದಾಟಿದ ಕಡಿಮೆ ವೋಲ್ಟೇಜಿನ ಭಾಗ. ಎರಡರ ಗ್ರೌಂಡ್ ಬೇರೆ ಬೇರೆ. ಮೇನ್ಸ್ ಭಾಗವನ್ನು ಅಳೆಯುವಾಗ ಮೀಟರ್‌ನ ಕಪ್ಪು ತಂತಿ ಮುಖ್ಯ ಕೆಪಾಸಿಟರ್‌ನ ಋಣ ತುದಿಗೆ, ಕಡಿಮೆ ವೋಲ್ಟೇಜಿನ ಭಾಗವನ್ನು ಅಳೆಯುವಾಗ ಲೋಹದ ಚೌಕಟ್ಟಿಗೆ ಇರಬೇಕು. ಇದು ತಪ್ಪಿದರೆ ಮೀಟರ್ ತೋರಿಸುವ ಅಂಕಿಗೆ ಅರ್ಥವೇ ಇರುವುದಿಲ್ಲ.

ಮೊದಲು ಕಣ್ಣಿನಿಂದಲೇ ನೋಡಿ. ಮೇಲ್ಭಾಗ ಉಬ್ಬಿದ ಅಥವಾ ಕಂದು ದ್ರವ ಸೋರಿದ ಕೆಪಾಸಿಟರ್, ಕಪ್ಪಾದ ರೆಸಿಸ್ಟರ್, ಸೀಳಿದ ನೀಲಿ ಬಿಲ್ಲೆಯಂಥ ವ್ಯಾರಿಸ್ಟರ್ (ವೋಲ್ಟೇಜ್ ಏರಿಕೆಯಿಂದ ಕಾಪಾಡುವ ಭಾಗ), ಟ್ರಾನ್ಸ್‌ಫಾರ್ಮರ್ ಕಾಲುಗಳ ಸುತ್ತ ಉಂಗುರದಂತೆ ಬಿರುಕು ಬಿಟ್ಟ ಬೆಸುಗೆ, ಹಲ್ಲಿ ಅಥವಾ ಇರುವೆ ಸೇರಿ ಶಾರ್ಟ್ ಆದ ಗುರುತು, ತೇವದಿಂದ ಬಂದ ಹಸಿರು ಕಿಲುಬು, ಇವೆಲ್ಲ ಮೀಟರ್ ಇಲ್ಲದೆಯೇ ಕಾಣುವಂಥವು. ಆದರೆ ಕಣ್ಣಿಗೆ ಚೆನ್ನಾಗಿ ಕಂಡ ಮಾತ್ರಕ್ಕೆ ಬೋರ್ಡ್ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು. ಒಣಗಿದ ಕೆಪಾಸಿಟರ್‌ಗಳು ಉಬ್ಬದೆಯೂ ಕೆಟ್ಟಿರುತ್ತವೆ.

ದೀಪವೂ ಇಲ್ಲದ ಸೆಟ್

ಪ್ಲಗ್ ತೆಗೆದು, ಕೆಪಾಸಿಟರ್ ಖಾಲಿಯಾಗಿರುವುದನ್ನು ಖಚಿತಪಡಿಸಿಕೊಂಡು ಫ್ಯೂಸ್ ಪರೀಕ್ಷಿಸಿ. ಹಾದಿ ತುಂಡಾಗಿದೆಯೇ ಎಂದು ನೋಡುವ ಕಂಟಿನ್ಯೂಟಿ ಶ್ರೇಣಿಯಲ್ಲಿ ಮೀಟರ್ ಸದ್ದು ಮಾಡಿದರೆ ಫ್ಯೂಸ್ ಸರಿಯಿದೆ. ಹೋಗಿದ್ದರೆ ಹೊಸದನ್ನು ಹಾಕುವ ಆತುರ ಬೇಡ. ಗಾಜಿನ ಫ್ಯೂಸ್ ಒಳಗೆ ಕಪ್ಪಾಗಿಯೋ ಬೆಳ್ಳಿಯ ಲೇಪದಂತೆಯೋ ಕಂಡರೆ ಮುಂದೆ ಎಲ್ಲೋ ನೇರ ಶಾರ್ಟ್ ಇದೆ. ಕಾರಣ ಹುಡುಕದೆ ಹಾಕಿದ ಹೊಸ ಫ್ಯೂಸ್ ಆ ಕ್ಷಣವೇ ಹೋಗುತ್ತದೆ, ಜೊತೆಗೆ ಇನ್ನಷ್ಟು ಭಾಗಗಳನ್ನೂ ಒಯ್ಯುತ್ತದೆ. ಫ್ಯೂಸಿನ ಬದಲು ತಂತಿ ಸುತ್ತುವುದನ್ನು ಎಂದಿಗೂ ಮಾಡಬಾರದು. ಅದು ಬೆಂಕಿಗೆ ದಾರಿ.

ಶಾರ್ಟ್ ಹುಡುಕುವ ಕ್ರಮ ಹೀಗಿರಲಿ. ಫ್ಯೂಸ್ ದಾಟಿದ ಕೂಡಲೇ ಸಿಗುವ ವ್ಯಾರಿಸ್ಟರ್ ಮೊದಲನೆಯದು. ಸಿಡಿಲು ಅಥವಾ ವೋಲ್ಟೇಜ್ ಏರಿಕೆಯ ನಂತರ ಸತ್ತ ಸೆಟ್‌ಗಳಲ್ಲಿ ಇದು ತನ್ನನ್ನು ಬಲಿಕೊಟ್ಟು ಉಳಿದುದನ್ನು ಕಾಪಾಡಿರುತ್ತದೆ. ಎರಡನೆಯದು ಎಸಿ ವಿದ್ಯುತ್ತನ್ನು ಡಿಸಿಯಾಗಿಸುವ ಬ್ರಿಡ್ಜ್ ರೆಕ್ಟಿಫೈಯರ್: ಮೀಟರನ್ನು ಡಯೋಡ್ ಶ್ರೇಣಿಗೆ ಇಟ್ಟರೆ ಅದರೊಳಗಿನ ಪ್ರತಿ ಡಯೋಡ್ ಒಂದು ದಿಕ್ಕಿನಲ್ಲಿ ಸುಮಾರು 0.5 ವೋಲ್ಟ್ ತೋರಿಸಬೇಕು, ಇನ್ನೊಂದು ದಿಕ್ಕಿನಲ್ಲಿ ಹರಿಯಬಾರದು. ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಹೋಗಿದೆ. ಮೂರನೆಯದು ಹೀಟ್‌ಸಿಂಕ್ ಮೇಲಿರುವ, ಸ್ವಿಚ್‌ನಂತೆ ಕೆಲಸ ಮಾಡುವ ಮಾಸ್‌ಫೆಟ್‌ಗಳು (ಗೇಟ್, ಡ್ರೈನ್, ಸೋರ್ಸ್ ಎಂಬುವು ಅದರ ಮೂರು ಕಾಲುಗಳು): ಡ್ರೈನ್ ಮತ್ತು ಸೋರ್ಸ್ ನಡುವೆ ಎರಡೂ ದಿಕ್ಕಿನಲ್ಲಿ ಶಾರ್ಟ್ ತೋರಿಸುವ ಮಾಸ್‌ಫೆಟ್ ಸತ್ತದ್ದೇ. ಆದರೆ ಮಾಸ್‌ಫೆಟ್ ಒಂಟಿಯಾಗಿ ಹೋಗುವುದು ಅಪರೂಪ. ಅದರ ಸೋರ್ಸ್‌ನಲ್ಲಿರುವ ಒಂದು ಓಮ್‌ಗೂ ಕಡಿಮೆ ಮೌಲ್ಯದ ರೆಸಿಸ್ಟರ್, ಗೇಟ್‌ಗೆ ಹೋಗುವ ರೆಸಿಸ್ಟರ್, ಕೆಲವೊಮ್ಮೆ ಅದನ್ನು ನಡೆಸುವ ಐಸಿ ಕೂಡ ಜೊತೆಗೆ ಹೋಗಿರುತ್ತವೆ. ಇವನ್ನೆಲ್ಲ ಒಟ್ಟಿಗೆ ನೋಡದೆ ಮಾಸ್‌ಫೆಟ್ ಒಂದನ್ನೇ ಬದಲಿಸಿದರೆ ಹೊಸದೂ ಉಳಿಯುವುದಿಲ್ಲ.

ಹೊಸ ಫ್ಯೂಸ್ ಮೇಲೆ ಮುದ್ರಿತವಾದ ಆಂಪಿಯರ್, ವೋಲ್ಟ್ ಮತ್ತು ಅಕ್ಷರ ಹಳೆಯದರಂತೆಯೇ ಇರಬೇಕು. ಟಿ ಎಂದರೆ ನಿಧಾನವಾಗಿ ಕರಗುವ ಬಗೆ, ಎಫ್ ಎಂದರೆ ಥಟ್ಟನೆ ಕರಗುವ ಬಗೆ. ಟಿ ಇರಬೇಕಾದಲ್ಲಿ ಎಫ್ ಹಾಕಿದರೆ ಆನ್ ಮಾಡಿದ ಕ್ಷಣದ ಸಹಜ ಹರಿವಿಗೇ ಅದು ಹೋಗಬಹುದು.

ದುರಸ್ತಿಯ ನಂತರ ಮೊದಲ ಬಾರಿ ವಿದ್ಯುತ್ತು ಕೊಡುವಾಗ ಸೀರೀಸ್ ಬಲ್ಬ್ ಬಳಸಿ: 60ರಿಂದ 100 ವಾಟ್‌ನ ತಂತುವಿನ ಹಳೆಯ ಬಗೆಯ ಬಲ್ಬನ್ನು ಟಿವಿಯ ಫೇಸ್ ತಂತಿಯ ಹಾದಿಯಲ್ಲಿ ಸೇರಿಸಿದ ಬೋರ್ಡ್ ಇದು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಪೂರ್ಣ ಪ್ರಖರತೆಯಲ್ಲಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ, ಆದರೆ ಬಲ್ಬ್ ತಡೆದಿರುವುದರಿಂದ ಏನೂ ಸಿಡಿದಿಲ್ಲ. ಈ ಪರೀಕ್ಷೆ ಸ್ಟ್ಯಾಂಡ್‌ಬೈ ಸ್ಥಿತಿಗೆ ಮಾತ್ರ. ಟಿವಿ ಪೂರ್ತಿ ಆನ್ ಆದರೆ ಸಹಜ ಹೊರೆಗೇ ಬಲ್ಬ್ ಬೆಳಗುತ್ತದೆ.

ಫ್ಯೂಸ್ ಸರಿಯಿದ್ದೂ ದೀಪ ಇಲ್ಲದಿದ್ದರೆ ಮುಖ್ಯ ಕೆಪಾಸಿಟರ್ ಮೇಲೆ ಮೇಲೆ ಹೇಳಿದ 325 ಅಥವಾ 170 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಬರದಿದ್ದರೆ ಫ್ಯೂಸ್‌ನಿಂದ ಬ್ರಿಡ್ಜ್‌ವರೆಗಿನ ಹಾದಿಯಲ್ಲಿ ತುಂಡಾಗಿದೆ: ಆನ್ ಮಾಡಿದ ಕ್ಷಣದ ಹರಿವನ್ನು ತಗ್ಗಿಸುವ ಥರ್ಮಿಸ್ಟರ್, ಫಿಲ್ಟರ್ ಕಾಯಿಲ್, ಸಡಿಲ ಬೆಸುಗೆ ಇವುಗಳಲ್ಲಿ ಒಂದು. ಬರುತ್ತಿದ್ದರೆ ದೋಷ ಸ್ಟ್ಯಾಂಡ್‌ಬೈ ಸರ್ಕ್ಯೂಟ್‌ನಲ್ಲಿದೆ. ಚಿಕ್ಕ ಟ್ರಾನ್ಸ್‌ಫಾರ್ಮರ್ ಮತ್ತು ಅದನ್ನು ನಡೆಸುವ ಐಸಿ ಸೇರಿ ಸಾಮಾನ್ಯವಾಗಿ 5 ವೋಲ್ಟ್, ಕೆಲವು ಬೋರ್ಡ್‌ಗಳಲ್ಲಿ 3.3 ವೋಲ್ಟ್, ಇನ್ನು ಕೆಲವದರಲ್ಲಿ ಸದಾ ಇರುವ 12 ವೋಲ್ಟ್ ಕೊಡುತ್ತವೆ. ಕನೆಕ್ಟರ್ ಪಕ್ಕದಲ್ಲಿ ಮುದ್ರಿಸಿರುವುದನ್ನು ಓದಿ ಅಳೆಯಿರಿ.

ಈ ಭಾಗದಲ್ಲಿ ನನ್ನ ಮೊದಲ ಅನುಮಾನ ಸದಾ ಒಂದೇ ಭಾಗದ ಮೇಲೆ: ಸ್ಟ್ಯಾಂಡ್‌ಬೈ ಐಸಿಯ ಪಕ್ಕದಲ್ಲಿ ಮೇನ್ಸ್ ಭಾಗದಲ್ಲಿರುವ, 10ರಿಂದ 47 ಮೈಕ್ರೋಫ್ಯಾರಡ್, 50 ವೋಲ್ಟ್‌ನ ಪುಟ್ಟ ಕೆಪಾಸಿಟರ್. ಐಸಿಗೆ ಬೇಕಾದ ವಿದ್ಯುತ್ತನ್ನು ಹಿಡಿದಿಡುವುದು ಇದರ ಕೆಲಸ. ಬಿಸಿಯ ನಡುವೆ ವರ್ಷಗಟ್ಟಲೆ ಇದ್ದು ಒಳಗಿನ ದ್ರವ ಒಣಗಿದಾಗ ಐಸಿ ಶುರುವಾಗಲು ಯತ್ನಿಸಿ ಸೋಲುತ್ತದೆ. ದೀಪ ಬಾರದಿರಬಹುದು, ಇಲ್ಲವೇ ಬೋರ್ಡ್‌ನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಬಹುದು. ಮುಂಚೆ ಕೆಲ ಹೊತ್ತು ಪ್ಲಗ್‌ನಲ್ಲಿ ಬಿಟ್ಟರೆ ಆನ್ ಆಗುತ್ತಿದ್ದು, ದಿನಗಳೆದಂತೆ ಹೆಚ್ಚು ಹೊತ್ತು ಹಿಡಿದು, ಕೊನೆಗೆ ಪೂರ್ತಿ ನಿಂತ ಟಿವಿಯ ಚರಿತ್ರೆ ಕೆಪಾಸಿಟರ್‌ಗಳತ್ತಲೇ ಬೆರಳು ಮಾಡುತ್ತದೆ. ಅದೇ ಟಿಕ್ ಸದ್ದಿಗೆ ಇನ್ನೊಂದು ಕಾರಣ ಕಡಿಮೆ ವೋಲ್ಟೇಜಿನ ಭಾಗದಲ್ಲಿ ಶಾರ್ಟ್ ಆದ ಡಯೋಡ್ ಅಥವಾ ಮೇನ್ ಬೋರ್ಡ್‌ನ ಶಾರ್ಟ್. ಪ್ಲಗ್ ತೆಗೆದು, ಮೇನ್ ಬೋರ್ಡ್‌ಗೆ ಹೋಗುವ ಕೇಬಲ್ ಕಳಚಿ, ಮತ್ತೆ ವಿದ್ಯುತ್ತು ಕೊಟ್ಟು ಅಳೆಯಿರಿ: ಆಗ 5 ವೋಲ್ಟ್ ಬಂದರೆ ತಪ್ಪು ಮೇನ್ ಬೋರ್ಡ್‌ನದು, ಪವರ್ ಬೋರ್ಡ್‌ನದಲ್ಲ.

ದೀಪ ಇದೆ, ಸೆಟ್ ಏಳುವುದಿಲ್ಲ

ಇಲ್ಲಿ ತಿಳಿಯಬೇಕಾದದ್ದು ಯಾರು ಯಾರಿಗೆ ಉತ್ತರಿಸುತ್ತಿಲ್ಲ ಎಂಬುದು. ಗುಂಡಿ ಒತ್ತಿದಾಗ ಮೇನ್ ಬೋರ್ಡ್ ಒಂದು ತಂತಿಯ ಮೂಲಕ ಪವರ್ ಬೋರ್ಡ್‌ಗೆ ಆನ್ ಆಗುವಂತೆ ಸೂಚಿಸುತ್ತದೆ. ಕನೆಕ್ಟರ್ ಪಕ್ಕದಲ್ಲಿ ಆ ಪಿನ್‌ಗೆ ಪಿಎಸ್-ಆನ್, ಪವರ್-ಆನ್ ಅಥವಾ ಎಸ್‌ಟಿಬಿ ಎಂಬ ಹೆಸರು ಮುದ್ರಿತವಾಗಿರುತ್ತದೆ. ಬಹುತೇಕ ಬೋರ್ಡ್‌ಗಳಲ್ಲಿ ಅದು ಸೊನ್ನೆಯಿಂದ 3 ವೋಲ್ಟ್ ಅಥವಾ ಅದಕ್ಕೂ ಮೇಲೆ ಏರಬೇಕು. ಕೆಲವದರಲ್ಲಿ ಇದು ತಿರುವುಮುರುವು. ಅದು ಬದಲಾಗದಿದ್ದರೆ ಮೇನ್ ಬೋರ್ಡ್ ಸೂಚನೆಯನ್ನೇ ಕೊಡುತ್ತಿಲ್ಲ. ಬದಲಾದರೂ 12 ಅಥವಾ 24 ವೋಲ್ಟ್ ಬರದಿದ್ದರೆ ಪವರ್ ಬೋರ್ಡ್ ಪಾಲಿಸುತ್ತಿಲ್ಲ. ಎರಡು ಬೋರ್ಡ್‌ಗಳ ನಡುವಿನ ವಾದವನ್ನು ಈ ಒಂದು ಅಳತೆ ತೀರಿಸುತ್ತದೆ.

ಪವರ್ ಬೋರ್ಡ್ ಒಂದನ್ನೇ ಪರೀಕ್ಷಿಸಬೇಕಿದ್ದರೆ ಮೇನ್ ಬೋರ್ಡ್‌ನ ಕೇಬಲ್ ಕಳಚಿ, 1 ಕಿಲೋಓಮ್ ರೆಸಿಸ್ಟರ್ ಮೂಲಕ ಸ್ಟ್ಯಾಂಡ್‌ಬೈ 5 ವೋಲ್ಟನ್ನು ಪಿಎಸ್-ಆನ್ ಪಿನ್‌ಗೆ ಕೊಟ್ಟು ಉಳಿದ ವೋಲ್ಟೇಜ್‌ಗಳು ಬರುತ್ತವೆಯೇ ನೋಡಬಹುದು. ತಂತಿ ಜೋಡಿಸುವುದು ವಿದ್ಯುತ್ತಿಲ್ಲದಾಗ, ಪಿನ್‌ಗಳ ಹೆಸರನ್ನು ಎರಡೆರಡು ಬಾರಿ ಓದಿ. ಈ ಹಂತದಲ್ಲಿ ಮುಖ್ಯ ಕೆಪಾಸಿಟರ್‌ನ ವೋಲ್ಟೇಜ್ 325ರ ಬಳಿಯೇ ಉಳಿದು, 380ರ ಆಚೆ ಏರದಿದ್ದರೆ ಪವರ್ ಫ್ಯಾಕ್ಟರ್ ಸರ್ಕ್ಯೂಟ್ ಶುರುವಾಗಿಲ್ಲ ಎಂದರ್ಥ. ಚಿಕ್ಕ ಟಿವಿಗಳಲ್ಲಿ ಆ ಸರ್ಕ್ಯೂಟೇ ಇಲ್ಲದಿರಬಹುದು.

ಮೇನ್ ಬೋರ್ಡ್ ಕಡೆಗೆ ಬಂದರೆ, ಅದು 12 ಅಥವಾ 5 ವೋಲ್ಟನ್ನು ತನ್ನೊಳಗೆ 3.3, 1.8, 1.1ರಂಥ ಚಿಕ್ಕ ವೋಲ್ಟೇಜ್‌ಗಳಾಗಿ ಇಳಿಸಿಕೊಳ್ಳುತ್ತದೆ. ಪ್ರತಿ ರೆಗ್ಯುಲೇಟರ್‌ನ ಪಕ್ಕದಲ್ಲಿರುವ ಚೌಕ ಕಾಯಿಲ್‌ಗಳ ಮೇಲೆ ಅಳೆದರೆ ಯಾವ ಸಾಲು ಬಂದಿಲ್ಲ ಎಂಬುದು ತಿಳಿಯುತ್ತದೆ. ಎಲ್ಲ ವೋಲ್ಟೇಜ್‌ಗಳೂ ಸರಿಯಿದ್ದು ಸೆಟ್ ಏಳದಿದ್ದರೆ ಅನುಮಾನ ಸಾಫ್ಟ್‌ವೇರ್ ಮತ್ತು ಅದನ್ನು ಇಟ್ಟುಕೊಂಡಿರುವ ಮೆಮೊರಿ ಚಿಪ್ ಮೇಲೆ ಹೋಗುತ್ತದೆ. ಲೋಗೋ ಬಂದು ಅಲ್ಲಿಯೇ ನಿಲ್ಲುವ, ಮತ್ತೆ ಮತ್ತೆ ಲೋಗೋಗೇ ಮರಳುವ ಸ್ಮಾರ್ಟ್ ಟಿವಿಗಳದೂ ಇದೇ ಕಥೆ. ತಯಾರಕರು ಕೊಟ್ಟ, ಅದೇ ಮಾದರಿ ಮತ್ತು ಅದೇ ಬೋರ್ಡ್‌ಗೆ ಮೀಸಲಾದ ಸಾಫ್ಟ್‌ವೇರನ್ನು ಫ್ಯಾಟ್-32 ಆಗಿ ಫಾರ್ಮ್ಯಾಟ್ ಮಾಡಿದ ಯುಎಸ್‌ಬಿಯಿಂದ ಹಾಕಲು ಕೆಲವು ಮಾದರಿಗಳಲ್ಲಿ ಅವಕಾಶವಿರುತ್ತದೆ. ಹೆಚ್ಚುಕಡಿಮೆ ಅದೇ ಎನ್ನುವ ಸಾಫ್ಟ್‌ವೇರ್ ಹಾಕಿದರೆ ಚಿತ್ರ ತಲೆಕೆಳಗಾಗಬಹುದು, ಬಣ್ಣ ಕೆಡಬಹುದು, ಬೋರ್ಡ್ ಪೂರ್ತಿ ನಿಲ್ಲಬಹುದು. ಮೆಮೊರಿ ಚಿಪ್ಪೇ ಸತ್ತಿದ್ದರೆ ಅದನ್ನು ಕಿತ್ತು ಹಾಕಲು ಬಿಸಿಗಾಳಿಯ ಉಪಕರಣ ಮತ್ತು ಪ್ರೋಗ್ರಾಮರ್ ಬೇಕು. ಮನೆಯ ಮೇಜಿನ ಕೆಲಸವಲ್ಲ.

ಬೆಳಗಿ ಆರುವ ಅಥವಾ ಕಪ್ಪಾಗಿಯೇ ಉಳಿಯುವ ಪರದೆ

ಪರದೆಯ ಹಿಂದಿನ ಎಲ್‌ಇಡಿ ಪಟ್ಟಿಗಳು ಸಾಲಾಗಿ ಜೋಡಿತವಾಗಿರುತ್ತವೆ. ಒಂದು ಎಲ್‌ಇಡಿ ತುಂಡಾದರೆ ಆ ಸಾಲು ಪೂರ್ತಿ ಆರುತ್ತದೆ. ಇದನ್ನು ಅರಿತ ಡ್ರೈವರ್ ರಕ್ಷಣೆಗಾಗಿ ಬ್ಯಾಕ್‌ಲೈಟನ್ನು ನಿಲ್ಲಿಸುತ್ತದೆ. ಕೆಲವು ಮಾದರಿಗಳಲ್ಲಿ ಇಡೀ ಟಿವಿಯೇ ಆರಿಹೋಗುತ್ತದೆ. ಬ್ಯಾಕ್‌ಲೈಟ್ ಕನೆಕ್ಟರ್‌ನಲ್ಲಿ ಮೀಟರ್ ಇಟ್ಟು ಆನ್ ಮಾಡಿ: ವೋಲ್ಟೇಜ್ ಎತ್ತರಕ್ಕೆ ಜಿಗಿದು ಕೂಡಲೇ ಬಿದ್ದರೆ ಪಟ್ಟಿಯಲ್ಲಿ ತುಂಡು ಇದೆ, ಏರಲೇ ಇಲ್ಲವೆಂದರೆ ಡ್ರೈವರ್ ಕೆಟ್ಟಿದೆ ಅಥವಾ ಮೇನ್ ಬೋರ್ಡ್‌ನಿಂದ ಬ್ಯಾಕ್‌ಲೈಟ್ ಆನ್ ಸೂಚನೆ ಬಂದಿಲ್ಲ. ಈ ಕನೆಕ್ಟರ್‌ನಲ್ಲಿ ನೂರು ವೋಲ್ಟ್ ಮೀರಿ ಇರಬಹುದಾದ್ದರಿಂದ ಕಡಿಮೆ ವೋಲ್ಟೇಜಿನ ಭಾಗವೆಂದು ಅಸಡ್ಡೆ ಸಲ್ಲದು. ವಿದ್ಯುತ್ ಹರಿವನ್ನು ತಾನೇ ಮಿತಿಗೊಳಿಸುವ ಎಲ್‌ಇಡಿ ಟೆಸ್ಟರ್ ಇದ್ದರೆ, ಟಿವಿಯ ಪ್ಲಗ್ ತೆಗೆದು, ಪ್ಯಾನಲ್ ಬಿಚ್ಚದೆಯೇ ಇದೇ ಕನೆಕ್ಟರ್‌ನಿಂದ ಪಟ್ಟಿಗಳನ್ನು ಬೆಳಗಿಸಿ ನೋಡಬಹುದು.

ಪಟ್ಟಿ ಬದಲಿಸುವುದೆಂದರೆ ಗಾಜಿನ ಪ್ಯಾನಲನ್ನು ಎತ್ತುವುದು. ಇಡೀ ದುರಸ್ತಿಯಲ್ಲಿ ಹೆಚ್ಚು ಟಿವಿಗಳು ಸಾಯುವುದು ಈ ಹಂತದಲ್ಲಿ. ಪ್ಯಾನಲ್ ಅಂಚಿನಿಂದ ಇಳಿಯುವ ತೆಳು ಪಟ್ಟಿಗಳಲ್ಲಿ ಒಂದು ಹರಿದರೂ ಪರದೆಯ ಒಂದು ಭಾಗ ಶಾಶ್ವತವಾಗಿ ಹೋದಂತೆ. ಗಾಜನ್ನು ಇಬ್ಬರು, ನಾಲ್ಕು ಮೂಲೆಗಳನ್ನೂ ಸಮನಾಗಿ ಹಿಡಿದು, ಬಾಗದಂತೆ ಎತ್ತಬೇಕು. ಅದರ ಕೆಳಗಿನ ಬೆಳಕು ಹರಡುವ ಹಾಳೆಗಳ ಕ್ರಮ ಮತ್ತು ಮುಖವನ್ನು ಗುರುತಿಸಿ, ಧೂಳು ತಾಗದಂತೆ ಬದಿಗಿಡಬೇಕು. ಹೊಸ ಪಟ್ಟಿಗಳು ಹಳೆಯವುಗಳ ವೋಲ್ಟೇಜಿನವೇ ಆಗಿರಬೇಕು, ಏಕೆಂದರೆ ಎಲ್‌ಇಡಿಗಳಲ್ಲಿ 3 ವೋಲ್ಟ್ ಮತ್ತು 6 ವೋಲ್ಟ್ ಎಂಬ ಎರಡು ಬಗೆಗಳು ಸಾಮಾನ್ಯ. ಕೆಟ್ಟ ಒಂದನ್ನು ಮಾತ್ರ ಬದಲಿಸುವುದು ಸಾಧ್ಯವಾದರೂ ಅದೇ ಶಾಖದಲ್ಲಿ ಅಷ್ಟೇ ಕಾಲ ಉರಿದ ಉಳಿದವೂ ಹಿಂದೆಯೇ ಹೋಗುವುದರಿಂದ ಪೂರ್ತಿ ಸೆಟ್ ಬದಲಿಸುವುದೇ ಲೇಸು. ಬಳಿಕ ಬ್ಯಾಕ್‌ಲೈಟ್ ಪ್ರಖರತೆಯನ್ನು ಗರಿಷ್ಠದಿಂದ ಇಳಿಸಿಡಿ.

ಬ್ಯಾಕ್‌ಲೈಟ್ ಸರಿಯಿದ್ದೂ ಸೆಟ್ ಆರುತ್ತಿದ್ದರೆ, ಪ್ಲಗ್ ತೆಗೆದು ಮೇನ್ ಬೋರ್ಡ್‌ನಿಂದ ಟಿ-ಕಾನ್‌ಗೆ ಹೋಗುವ ಕೇಬಲನ್ನು ಕಳಚಿ ಮತ್ತೆ ಆನ್ ಮಾಡಿ. ಈಗ ಸೆಟ್ ಆರದೆ ಉಳಿದರೆ ಶಾರ್ಟ್ ಟಿ-ಕಾನ್ ಅಥವಾ ಪ್ಯಾನಲ್‌ನಲ್ಲಿದೆ. ಟಿ-ಕಾನ್ ಬದಲಿಸಬಹುದು, ಪ್ಯಾನಲ್ ಆದರೆ ಅಲ್ಲಿಗೆ ನಿಲ್ಲಿಸುವುದು ಸರಿ, ಏಕೆಂದರೆ ಪ್ಯಾನಲ್‌ನ ಬೆಲೆ ಬಹುಮಟ್ಟಿಗೆ ಟಿವಿಯ ಬೆಲೆಯೇ.

ಬಿಡಿಭಾಗ ಮತ್ತು ಬೆಸುಗೆ

ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಸ್ವಲ್ಪ ಹೆಚ್ಚಿರಲಿ, 105 ಡಿಗ್ರಿ ಸೆಲ್ಸಿಯಸ್‌ಗೆ ಯೋಗ್ಯವಾದ ಕಡಿಮೆ ಇಎಸ್‌ಆರ್ (ಒಳಗಿನ ರೋಧ) ಬಗೆಯದಾಗಿರಲಿ. ಎತ್ತರವೂ ಹೊಂದಬೇಕು, ಇಲ್ಲವಾದರೆ ಕವಚ ಮುಚ್ಚುವುದಿಲ್ಲ. ಋಣ ಬದಿಯ ಪಟ್ಟೆಯನ್ನು ಬೋರ್ಡ್‌ನ ಗುರುತಿಗೆ ಹೊಂದಿಸಿ. ತಿರುಗಿಸಿ ಹಾಕಿದ ಕೆಪಾಸಿಟರ್ ಸಿಡಿಯುತ್ತದೆ. ಇಂದಿನ ಬೋರ್ಡ್‌ಗಳಲ್ಲಿ ಸೀಸವಿಲ್ಲದ ಬೆಸುಗೆ ಇರುವುದರಿಂದ ಅದು ಸುಮಾರು 217 ಡಿಗ್ರಿ ದಾಟಿದ ಮೇಲಷ್ಟೇ ಕರಗುತ್ತದೆ. ಮೊದಲು ಹೊಸ ಬೆಸುಗೆ ಮತ್ತು ಫ್ಲಕ್ಸ್ ಸ್ವಲ್ಪ ಸೇರಿಸಿದರೆ ಹಳೆಯದು ಸುಲಭವಾಗಿ ಹೊರಬರುತ್ತದೆ, ತಾಮ್ರದ ಹಾದಿ ಕಿತ್ತುಬರುವುದಿಲ್ಲ.

ಬೋರ್ಡನ್ನೇ ಬದಲಿಸುವುದಾದರೆ ಟಿವಿಯ ಮಾದರಿ ಸಂಖ್ಯೆ ನೋಡಿ ತರಿಸಬೇಡಿ. ಒಂದೇ ಮಾದರಿಯ ಟಿವಿಗಳು ಬೇರೆ ಬೇರೆ ಪ್ಯಾನಲ್, ಬೇರೆ ಬೇರೆ ಬೋರ್ಡ್‌ಗಳೊಂದಿಗೆ ತಯಾರಾಗಿರುತ್ತವೆ. ಬೋರ್ಡ್ ಮೇಲೆ ಅಂಟಿಸಿದ ಲೇಬಲ್‌ನ ಸಂಖ್ಯೆ ಮತ್ತು ಬೋರ್ಡ್‌ನಲ್ಲೇ ಮುದ್ರಿತವಾದ ಸಂಖ್ಯೆ ಎರಡೂ ಹೊಂದಬೇಕು. ಮೇನ್ ಬೋರ್ಡ್ ಮತ್ತು ಟಿ-ಕಾನ್‌ಗೆ ಪ್ಯಾನಲ್‌ನ ಸಂಖ್ಯೆಯನ್ನೂ ಹೋಲಿಸಬೇಕು.

ಕವಚ ಹಾಕುವ ಮೊದಲು ಎಲ್ಲ ಕನೆಕ್ಟರ್‌ಗಳನ್ನು ಹಳೆಯ ಫೋಟೋದೊಂದಿಗೆ ಹೋಲಿಸಿ, ಚಪ್ಪಟೆ ಕೇಬಲ್‌ಗಳ ಬೀಗ ಸರಿಯಾಗಿ ಕೂತಿದೆಯೇ ನೋಡಿ, ಬೋರ್ಡ್ ಅಡಿಯಲ್ಲಿ ಬಿಟ್ಟುಹೋದ ತಿರುಪು ಅಥವಾ ಬೆಸುಗೆಯ ಚೂರು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅನಂತರ ಟಿವಿಯನ್ನು ನೆಟ್ಟಗೆ ನಿಲ್ಲಿಸಿ, ಕವಚ ಹಾಕಿ, ಗೋಡೆಗೆ ತೂಗುಹಾಕುವ ಮುನ್ನ ಒಂದೆರಡು ಗಂಟೆ ನಡೆಸಿ. ಹಲವು ಬಾರಿ ಆರಿಸಿ ಹಾಕಿ, ಸ್ಟ್ಯಾಂಡ್‌ಬೈಯಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಆನ್ ಮಾಡಿ, ಏಕೆಂದರೆ ದುರ್ಬಲ ಕೆಪಾಸಿಟರ್ ಮತ್ತು ಬಿರುಕು ಬಿಟ್ಟ ಬೆಸುಗೆ ಬಿಸಿಯಾಗಿರುವ ಸೆಟ್‌ನಲ್ಲಿ ಅಡಗಿಕೊಂಡು ತಣ್ಣಗಿನ ಸೆಟ್‌ನಲ್ಲಿ ಮತ್ತೆ ತಲೆಯೆತ್ತುತ್ತವೆ.